ಹಳೇ ಬಕೆಟ್ ಟ್ರಕ್‌ನ ಬೂಮ್ ಏಳದಿದ್ದರೆ

ಸೆಕೆಂಡ್ ಹ್ಯಾಂಡ್ ಬಕೆಟ್ ಟ್ರಕ್ (ಉದ್ದ ತೋಳಿನ ತುದಿಯ ತೊಟ್ಟಿಯಲ್ಲಿ ಆಳನ್ನು ಮೇಲೆತ್ತುವ ಗಾಡಿ) ತಂದ ದಿನವೇ ನಾನು ಖುಷಿಯಲ್ಲಿ ಬಕೆಟ್ ಹತ್ತಿ ಸ್ಟಿಕ್ ಎಳೆದೆ. ಬೂಮ್, ಅಂದರೆ ಆ ತೋಳು, ಅಲುಗಾಡಲಿಲ್ಲ. ಬೂಮ್ ಎತ್ತುವ ಆಯಿಲ್ ಪಂಪ್ ಸತ್ತಿದೆ ಅಂದುಕೊಂಡು ಅರ್ಧ ದಿನ ಪೈಪು ಬಿಚ್ಚಿದೆ. ಆಮೇಲೆ ನೋಡಿದರೆ ಬಕೆಟ್‌ನಲ್ಲಿದ್ದ ಎಮರ್ಜೆನ್ಸಿ ಸ್ಟಾಪ್ ಗುಂಡಿ ಒತ್ತಿದಂತೆಯೇ ಇತ್ತು!

ಹಾಗಾಗಿ ಮೊದಲು ನೆಲದ ಮೇಲೆಯೇ ನಿಂತು ಕಲಿಯಿರಿ. ಸಮತಟ್ಟು ಜಾಗ, ಮೇಲೆ ಕರೆಂಟ್ ತಂತಿ ಇರಬಾರದು, ಬಕೆಟ್ ಖಾಲಿ. ಗೇರ್ ನ್ಯೂಟ್ರಲ್, ಹ್ಯಾಂಡ್ ಬ್ರೇಕ್, ಚಕ್ರಕ್ಕೆ ಅಡ್ಡಗಟ್ಟೆ, ಆಮೇಲೆ ಪಿಟಿಒ (ಇಂಜಿನ್ ಶಕ್ತಿಯನ್ನು ಪಂಪ್‌ಗೆ ಜೋಡಿಸುವ ಗೇರ್) ಆನ್ ಮಾಡಿ. ಇಂಜಿನ್ ಸದ್ದು ಸ್ವಲ್ಪ ಭಾರವಾದರೆ ಪಂಪ್ ತಿರುಗುತ್ತಿದೆ ಅಂತ ಅರ್ಥ. ಡ್ಯಾಶ್‌ಬೋರ್ಡ್ ದೀಪವೊಂದನ್ನೇ ನಂಬಬೇಡಿ. ಕಿರ್ರೋ ಅಂತ ಕೂಗಿದರೆ ತಕ್ಷಣ ಆಫ್ ಮಾಡಿ. ಆಯಿಲ್ ಕಡಿಮೆ ಇರಬಹುದು, ಇಲ್ಲವೇ ಟ್ಯಾಂಕ್ ಕೆಳಗಿನ ವಾಲ್ವ್ ಮುಚ್ಚಿರಬಹುದು. ಹಾಗೇ ಓಡಿಸಿದರೆ ಪಂಪ್ ನಿಜವಾಗಿಯೂ ಸಾಯುತ್ತದೆ.

ಈಗ ಔಟ್‌ರಿಗರ್ (ಗಾಡಿಯ ಪಕ್ಕಕ್ಕೆ ನೆಲಕ್ಕೂರುವ ಕಾಲುಗಳು) ಇಳಿಸಿ. ಅದು ಇಳಿದರೆ ಆಯಿಲ್ ಹರಿಯುತ್ತಿದೆ, ಪಂಪ್ ಪೂರ್ತಿ ಸತ್ತಿಲ್ಲ. ಅದು ಇಳಿದೂ ಬೂಮ್ ಏಳದಿದ್ದರೆ ಹೆಚ್ಚಾಗಿ ಇಂಟರ್‌ಲಾಕ್ (ಕಾಲು ಊರದೆ ಬೂಮ್ ಏಳದಂತೆ ಮಾಡುವ ಸುರಕ್ಷತಾ ವ್ಯವಸ್ಥೆ) ತಡೆಯುತ್ತಿರುತ್ತದೆ. ಔಟ್‌ರಿಗರ್ ನೆಲಕ್ಕೆ ತಾಗಿದ್ದನ್ನು ಹೇಳುವ ಸ್ವಿಚ್‌ಗೆ ಕೆಸರು ಮೆತ್ತಿರುತ್ತದೆ, ವೈರ್ ತುಕ್ಕು ಹಿಡಿದಿರುತ್ತದೆ. ಸ್ವಚ್ಛ ಮಾಡಿ, ಸರಿಪಡಿಸಿ. ವೈರ್ ಜೋಡಿಸಿ ಬೈಪಾಸ್ ಮಾಡೋಕೆ ಮಾತ್ರ ಹೋಗಬೇಡಿ. ಗಾಡಿ ಮಗುಚದಂತೆ ಕಾಯುವುದೇ ಆ ಸ್ವಿಚ್.

ಕೆಳಗಿನ ಲಿವರ್‌ಗಳಿಂದ ಬೂಮ್ ಎದ್ದು, ಬಕೆಟ್‌ನಿಂದ ಏಳದಿದ್ದರೆ? ಮೂರೇ ಕಡೆ ನೋಡಿ. ಮೇಲೆ–ಕೆಳಗೆ ಬದಲಿಸುವ ಸೆಲೆಕ್ಟರ್, ಸ್ಟಾಪ್ ಗುಂಡಿ, ಸ್ಟಿಕ್ ಜೊತೆ ಹಿಡಿದೇ ಇರಬೇಕಾದ ಟ್ರಿಗರ್. ಈ ಟ್ರಿಗರ್ ಬಿಟ್ಟು ಸ್ಟಿಕ್ ಎಷ್ಟು ಎಳೆದರೂ ಸುಮ್ನೆ ಕೈನೋವು, ಅಷ್ಟೇ.

ಎದ್ದ ಬೂಮ್ ನಿಲ್ಲುತ್ತದಾ ಅಂತಲೂ ನೋಡಬೇಕಲ್ವಾ? ಅರ್ಧಕ್ಕೆ ಎತ್ತಿ, ಇಂಜಿನ್ ನಿಲ್ಲಿಸಿ, ಎತ್ತರ ಗುರುತು ಮಾಡಿಕೊಂಡು ಹತ್ತು ನಿಮಿಷ ದೂರ ನಿಲ್ಲಿ. ಕೆಳಗೆ ಜಾರಿದ್ದರೆ ಸಿಲಿಂಡರ್ ಸೀಲ್ ಅಥವಾ ಬೂಮ್ ಇಳಿಯದಂತೆ ಆಯಿಲ್ ಹಿಡಿದಿಡುವ ಹೋಲ್ಡಿಂಗ್ ವಾಲ್ವ್ ಸೋರುತ್ತಿರಬಹುದು. ಅದು ಮೆಕ್ಯಾನಿಕ್ ಕೆಲಸ. ಸೋರಿಕೆ ಹುಡುಕಲು ಕೈ ಆಡಿಸಬೇಡಿ, ರಟ್ಟು ಹಿಡಿಯಿರಿ. ಸೂಜಿಯಷ್ಟು ಸಣ್ಣ ಆಯಿಲ್ ಧಾರೆಯೂ ಚರ್ಮದೊಳಗೆ ನುಗ್ಗಿಬಿಡುತ್ತದೆ.

ಕರೆಂಟ್ ಹರಿಯದ ಫೈಬರ್ ಬೂಮ್ ಇದೆ ಅಂತ ಕರೆಂಟ್ ತಂತಿ ಹತ್ತಿರ ಹೋಗಬೇಡಿ. ಡೈಎಲೆಕ್ಟ್ರಿಕ್ ಟೆಸ್ಟ್ (ಬೂಮ್ ಕರೆಂಟ್ ತಡೆಯುತ್ತದಾ ಅಂತ ನೋಡುವ ಪರೀಕ್ಷೆ) ಪಾಸಾಗುವ ತನಕ ಅದನ್ನು ಕಬ್ಬಿಣ ಅಂತಲೇ ತಿಳಿಯಿರಿ.

ಕೊನೆಗೆ, ಇಂಜಿನ್ ಆಫ್ ಮಾಡಿ ಬ್ಯಾಟರಿಯ ತುರ್ತು ಪಂಪ್‌ನಿಂದ ಬೂಮ್ ಇಳಿಸಿ ನೋಡಿ. ನನ್ನದರಲ್ಲಿ ಅದರ ವೈರ್ ತುಂಡಾಗಿತ್ತು. ಪುಣ್ಯಕ್ಕೆ ಆಗ ನಾನು ಕೆಳಗಿದ್ದೆ.