ಬೋಟಿನ ಹಿಂದೆ ಡೈವರ್‌ನನ್ನು ಎಳೆಯೋ ಹಲಗೆ: ಮೂರನೇದು ಗೆದ್ದಿತು

ಸ್ನಾರ್ಕೆಲ್ (ಉಸಿರಾಡೋ ಕೊಳವೆ) ಹಾಕಿಕೊಂಡು, ತಳ ನೋಡುತ್ತಾ ಬೋಟಿನ ಹಿಂದೆ ನೀರಿನ ಮೇಲೆ ಎಳೆಸಿಕೊಂಡು ಹೋಗೋಕೆ ಹಿಡಿಯೋ ಹಲಗೆಗೆ ಮಾಂಟಾ ಹಲಗೆ ಅಂತಾರೆ. 17 ಮೀಟರ್ ಹಗ್ಗ, ಎರಡು ನಿಮಿಷ ಎಳೆತ, ನಿಂತು ಬರೆದುಕೊಳ್ಳೋದು, ಮತ್ತೆ ಹೊರಡೋದು. ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್‌ನಲ್ಲಿ ಹವಳ ತಿನ್ನೋ ಮುಳ್ಳು ನಕ್ಷತ್ರಮೀನನ್ನು ದಶಕಗಳಿಂದ ಹೀಗೇ ಎಣಿಸುತ್ತಿದ್ದಾರೆ. ನನಗೆ ಬೇಕಾಗಿದ್ದು ಬೇರೆ. ಗಾಳಿ ಸಿಲಿಂಡರ್ ಹಾಕಿಕೊಂಡ ಡೈವರ್ 10-12 ಮೀಟರ್ ಆಳದಲ್ಲಿ, ತಳದಿಂದ ಒಂದು ಮೀಟರ್ ಮೇಲೆ, ನಲವತ್ತು ನಿಮಿಷ ನಿಲ್ಲದೆ ಹೋಗಬೇಕು, ತಳದ ಫೋಟೋ ಸಿಗಬೇಕು. 'ನೀನೇ ಕೊಯ್ದು ಮಾಡಿದ ಹಲಗೆಯಲ್ಲಿ ಅದಾಗಲ್ಲ, ಪಲ್ಟಿ ಹೊಡೆಯುತ್ತೆ' ಅಂದರು ಜೊತೆಯವರು. ಮೊದಲ ಎರಡು ಹಲಗೆಗಳ ಮಟ್ಟಿಗೆ ಅವರ ಮಾತೇ ನಿಜವಾಯಿತು.

ಮೊದಲನೇದು ಮೆರೈನ್ ಪ್ಲೈವುಡ್, ಸುಮಾರು 60ಕ್ಕೆ 40 ಸೆಂಟಿಮೀಟರ್. ಹಗ್ಗವನ್ನು ಮುಂದಿನ ಅಂಚಿಗೇ ಕಟ್ಟಿದ್ದೆ. ನೆಟ್ಟಗೇನೋ ಹೋಯಿತು, ಆದರೆ ಆಳಕ್ಕೆ ಇಳಿಯೋಕೆ ಹಲಗೆಯ ಮೂಗು (ಮುಂದಿನ ಅಂಚು) ಕೆಳಗೆ ಬಗ್ಗಿಸಬೇಕು, ಅದಕ್ಕೆ ಎರಡೂ ಮಣಿಕಟ್ಟಿನ ಬಲ ಬೇಕಿತ್ತು. ಹತ್ತು ನಿಮಿಷಕ್ಕೆ ಬೆರಳು ಮರಗಟ್ಟಿತು. ಎರಡನೇದರಲ್ಲಿ ಹಗ್ಗ ಕಟ್ಟೋ ತೂತುಗಳನ್ನು ಹಿಂದಕ್ಕೆ, ಹೆಚ್ಚುಕಮ್ಮಿ ಮಧ್ಯಕ್ಕೇ ತಂದೆ. ಮುಟ್ಟಿದರೆ ಸಾಕು, ಹಲಗೆ ಮಗುಚಿಕೊಳ್ಳುತ್ತಿತ್ತು. ಮೂರನೇ ಹಲಗೆಯಲ್ಲಿ ಗೆದ್ದ ಜಾಗ ಇವೆರಡರ ನಡುವೆ ಇದೆ. ಸರಿಯಾಗಿ ಎಷ್ಟು ಅನ್ನೋದನ್ನು ನಾನು ಹೇಳಲ್ಲ, ಅದಕ್ಕೆ ಒಂದು ಇಡೀ ಸೀಸನ್ ಹೋಗಿದೆ. ಬೆರಳಗಲ ಬೆರಳಗಲ ಬಿಟ್ಟು ಸಾಲಾಗಿ ತೂತು ಕೊರೆಯಿರಿ, ಒಂದೊಂದನ್ನೇ ನೀರಲ್ಲಿ ನೋಡಿ. ನಿಮ್ಮದು ನಿಮಗೆ ಸಿಗುತ್ತೆ.

ದುಡ್ಡು ಹೋಗಿದ್ದು ಹಲಗೆಗಲ್ಲ, ಹಗ್ಗಕ್ಕೆ. ಮೂರೂ ಹಲಗೆ ಸೇರಿದರೂ ಒಂದು ಒಳ್ಳೆ ಮಾಸ್ಕ್‌ನಷ್ಟು ಖರ್ಚಿಲ್ಲ. ಹಗ್ಗಕ್ಕೆ ಅದರ ನಾಲ್ಕು ಪಟ್ಟಾದರೂ ಆಗಿದೆ. ನೈಲಾನ್ ಹಿಗ್ಗುತ್ತೆ, ಪ್ರತಿ ಅಲೆಗೂ ಭುಜ ಜಗ್ಗುತ್ತೆ. ಪಾಲಿಪ್ರೊಪಿಲೀನ್ ತೇಲುತ್ತೆ, ಬೋಟು ನಿಂತ ಕೂಡಲೇ ಪ್ರೊಪೆಲ್ಲರ್ ಹತ್ತಿರ ಸುರುಳಿಯಾಗಿ ಬರುತ್ತೆ. ಒಂದು ಸಲ ಸುತ್ತಿಕೊಂಡು ಅರ್ಧ ದಿನ ಹಾಳಾಯಿತು. ಕೊನೆಗೆ ಅಷ್ಟಾಗಿ ಹಿಗ್ಗದ ಪಾಲಿಯೆಸ್ಟರ್ ಹಗ್ಗ ತಂದು, ಬೋಟಿನ ಕಡೆಯ ಭಾಗಕ್ಕೆ ಮಾತ್ರ ಸಣ್ಣ ಫ್ಲೋಟ್ ಕಟ್ಟಿದೆ. ಹಗ್ಗ ಕಣ್ಣಿಗೆ ಕಾಣುತ್ತೆ, ಸಡಿಲವಾದರೆ ತಕ್ಷಣ ಗೊತ್ತಾಗುತ್ತೆ.

ವೇಗದ ಬಗ್ಗೆ ನನ್ನದು ಹಟವೇ. ಗಂಟೆಗೆ 3 ಕಿಲೋಮೀಟರ್, ಅಷ್ಟೇ. ವೇಗ ಒಂದೂವರೆ ಪಟ್ಟಾದರೆ ನೀರಿನ ತಡೆ ಎರಡೂಕಾಲು ಪಟ್ಟಾಗುತ್ತೆ, ಮಾಸ್ಕ್ ಒಳಗೆ ನೀರು ಬರುತ್ತೆ. ಸಿಲಿಂಡರ್ ಗಾಳಿಯನ್ನು ಬಾಯಿಗೆ ಕೊಡೋ ರೆಗ್ಯುಲೇಟರ್‌ನ ಪರ್ಜ್ ಬಟನ್ (ಒತ್ತಿದರೆ ಗಾಳಿ ಹೊರಬಿಡೋ ಗುಂಡಿ) ಯಾರೋ ಒತ್ತಿ ಹಿಡಿದ ಹಾಗೆ ಗಾಳಿ ಸುರಿಯೋಕೆ ಶುರುವಾಗುತ್ತೆ. ಒಂದು ಸಲ ಹೀಗೇ ಅರ್ಧ ಸಿಲಿಂಡರ್ ಖಾಲಿಯಾಯಿತು.

ಇನ್ನೊಂದು ಸಲ ಬೋಟು ನಡೆಸುತ್ತಿದ್ದವರು ಅಲೆ ದಾಟೋಕೆ ಅಂತ ಥ್ರಾಟಲ್ ಕೊಟ್ಟರು. ಹಲಗೆಯ ಮೂಗು ಆಗ ಸ್ವಲ್ಪ ಮೇಲಿತ್ತು. 9 ಮೀಟರ್‌ನಿಂದ 4 ಮೀಟರ್‌ಗೆ ಎರಡು ಉಸಿರಲ್ಲಿ ಎದ್ದೆ. ಉಸಿರು ಬಿಡುತ್ತಲೇ ಹಲಗೆ ಕೈಬಿಟ್ಟೆ, ಉಳಿದುಕೊಂಡೆ. ಉಸಿರು ಹಿಡಿದಿದ್ದರೆ, ಮೇಲೇರಿದಂತೆ ಒಳಗಿನ ಗಾಳಿ ಹಿಗ್ಗಿ ಶ್ವಾಸಕೋಶ ಹರಿಯಬಹುದಿತ್ತು. ಅವತ್ತಿನಿಂದ ಡೈವರ್‌ನ ಮೈಗೆ ಒಂದು ದಾರವನ್ನೂ ಕಟ್ಟಲ್ಲ. ಹಿಂದಕ್ಕೆ ಮುಖ ಮಾಡಿ ಕೂತು ಡೈವರ್ ಕಡೆ ನೋಡೋಕೆ ಅಂತಲೇ ಬೋಟಿನಲ್ಲಿ ಇನ್ನೊಬ್ಬರಿರಬೇಕು. ಆ ಖರ್ಚು ಉಳಿಸೋಕೆ ಹೋಗಬೇಡಿ.

ನಡುವೆ ಡೈವರ್ ಇಲ್ಲದೆ ಬರೀ ಕ್ಯಾಮೆರಾ ಕಟ್ಟಿಯೂ ಎಳೆದು ನೋಡಿದೆ. ಹಿಂದೆ ಬಾಲದಂಥ ರೆಕ್ಕೆ ಕೂರಿಸಿದ ಮೇಲೆ ನೆಟ್ಟಗೆ ಬಂತು, ಆದರೆ ತಳ ಏರಿದ್ದು ಅದಕ್ಕೆ ಗೊತ್ತಾಗಲ್ಲ ಅಲ್ವಾ? ಹವಳದ ಗುಡ್ಡೆಗೆ ಹೋಗಿ ಹೊಡೆಯಿತು, ಕ್ಯಾಮೆರಾ ಪೆಟ್ಟಿಗೆ ಸೀಳಿತು. ಹವಳವೂ ಮುರಿಯಿತು, ಅದು ನನಗೆ ಹೆಚ್ಚು ಬೇಜಾರಾಯಿತು. ಅಲ್ಲಿಗೆ ಅದನ್ನು ಬಿಟ್ಟೆ.

ಈಗಿನ ಹಲಗೆಯ ಅಡಿಯಲ್ಲಿ ಕ್ಯಾಮೆರಾ ಇದೆ, 15 ಸೆಕೆಂಡಿಗೆ ಒಂದು ಫೋಟೋ. ನೀರಿಗೆ ಇಳಿಯೋ ಮುಂಚೆ ಜಿಪಿಎಸ್ ಪರದೆಯಲ್ಲಿ ಓಡೋ ಗಡಿಯಾರದ್ದೇ ಮೊದಲ ಫೋಟೋ ತೆಗೀತೀನಿ. ಆಮೇಲೆ ಎರಡರ ಸಮಯ ಹೊಂದಿಸೋದು ಸುಲಭ. ಆದರೆ ಜಿಪಿಎಸ್ ಇರೋದು ಬೋಟಿನಲ್ಲಿ. 50 ಮೀಟರ್ ಹಗ್ಗ, 12 ಮೀಟರ್ ಆಳ ಅಂದರೆ ಡೈವರ್ ಸುಮಾರು 48 ಮೀಟರ್ ಹಿಂದಿರುತ್ತಾನೆ. ನಮ್ಮ ವೇಗಕ್ಕೆ ಹತ್ತಿರ ಹತ್ತಿರ ಒಂದು ನಿಮಿಷ. ಹಾಗಾಗಿ ಫೋಟೋದ ಜಾಗ ಬೇಕಾದರೆ ಬೋಟು ಒಂದು ನಿಮಿಷದ ಹಿಂದೆ ಎಲ್ಲಿತ್ತು ನೋಡ್ತೀನಿ. ತಿರುವಿನಲ್ಲಿ ಈ ಲೆಕ್ಕ ನಡೆಯಲ್ಲ, ಡೈವರ್ ಒಳಬದಿಯಿಂದ ಅಡ್ಡ ಹಾಯುತ್ತಾನೆ. ಅದಕ್ಕೆ ತಿರುವಿನ ಫೋಟೋಗಳನ್ನು ಲೆಕ್ಕಕ್ಕೆ ಸೇರಿಸಲ್ಲ.

ಕಳೆದ ಸಲದ ಎಳೆತ ನಲವತ್ತು ನಿಮಿಷ, ಸುಮಾರು 2 ಕಿಲೋಮೀಟರ್, ನೂರಾ ಅರವತ್ತರ ಹತ್ತಿರ ಫೋಟೋ. ಮಸುಕಾಗಿದ್ದು ಹತ್ತೋ ಹನ್ನೆರಡೋ. ಪಲ್ಟಿ ಹೊಡೆಯುತ್ತೆ ಅಂದವರಲ್ಲೇ ಒಬ್ಬರು ಮರುದಿನ ಅದೇ ಹಲಗೆ ಹಿಡಿದು ನೀರಿಗಿಳಿದರು. ಮೇಲೆ ಬಂದವರೇ ಹಲಗೆ ತಿರುಗಿಸಿ, ತೂತುಗಳ ಅಂತರವನ್ನು ಬೆರಳಲ್ಲಿ ಅಳೆಯುತ್ತಿದ್ದರು.