ಶುಕ್ರವಾರದ ವರದಿಗೆ ಸೋಮವಾರವೇ ಕೆಟ್ಟ ಕರಡು

ತ್ರೈಮಾಸಿಕ ವರದಿ ಶುಕ್ರವಾರ ಸಂಜೆ 5ಕ್ಕೆ ಹೋಗಬೇಕು. ಸೋಮವಾರ ಫೈಲ್ ತೆರೆದು, ಶೀರ್ಷಿಕೆಯ ಅಕ್ಷರ ದಪ್ಪ ಮಾಡಿ, ಎರಡು ಸಾಲು ಬರೆದು, ಅಳಿಸಿ ಮುಚ್ಚಿಬಿಡುತ್ತೀರಿ. ಇದನ್ನು ಸೋಮಾರಿತನ ಎನ್ನುವುದು ತಪ್ಪು. ಸೋಮಾರಿಗೆ ಫೈಲಿನ ನೆನಪೇ ಇರುವುದಿಲ್ಲ. ಮುಂದೂಡುವವರನ್ನು ಅದು ಊಟದ ಹೊತ್ತಿನಲ್ಲೂ ಕಾಡುತ್ತದೆ. ಬರೆದದ್ದು ಸಾಧಾರಣವಾಗಿ ಕಂಡೀತೆಂಬ ಅಳುಕು ಕೈ ಕಟ್ಟಿಹಾಕುತ್ತದೆ. ಫೈಲ್ ಮುಚ್ಚಿದೊಡನೆ ಅಳುಕು ಇಳಿದು ಹಾಯೆನಿಸುತ್ತದೆ. ಮುಂದೂಡುವ ಚಟ ಬೇರುಬಿಡುವುದು ಆ ನಿರಾಳದಲ್ಲೇ. ಹಾಗಾಗಿ ಮನಸ್ಸು ಗಟ್ಟಿ ಮಾಡಿಕೊಂಡರೆ ಸಾಲದು, ಕೆಲಸದ ಕ್ರಮವೇ ಬದಲಾಗಬೇಕು.

ಫೈಲ್ ತೆರೆಯುವ ಮೊದಲು ಒಂದು ಚೀಟಿಯಲ್ಲಿ ಮೂರು ಸಾಲು ಬರೆಯಿರಿ: ಯಾರು ಓದುತ್ತಾರೆ, ಓದಿ ಯಾವ ತೀರ್ಮಾನಕ್ಕೆ ಬರಬೇಕು, ಎಷ್ಟು ಪುಟ. ಈ ಗಡಿ ಇಲ್ಲದಿದ್ದರೆ ‘ಇನ್ನೂ ಚೆನ್ನಾಗಿ’ ಎಂಬುದಕ್ಕೆ ಕೊನೆಯೇ ಇಲ್ಲ.

ಇನ್ನು ಕರಡು. ಮೊಬೈಲನ್ನು ಬ್ಯಾಗಿಗೆ ಹಾಕಿ, 25 ನಿಮಿಷಕ್ಕೆ ಟೈಮರ್ ಇಡಿ. (ಇಟಲಿಯ ಫ್ರಾಂಚೆಸ್ಕೊ ಚಿರಿಲ್ಲೊ 1980ರ ದಶಕದ ಕೊನೆಯಲ್ಲಿ ಟೊಮೆಟೊ ಆಕಾರದ ಅಡುಗೆಮನೆ ಟೈಮರ್ ಇಟ್ಟುಕೊಂಡು ರೂಪಿಸಿದ ಲೆಕ್ಕವಿದು: 25 ನಿಮಿಷ ಕೆಲಸ, 5 ನಿಮಿಷ ಬಿಡುವು.) 25 ಭಾರವೆನಿಸಿದರೆ 10ರಿಂದ ಶುರುಮಾಡಿ. ಬರೆದದ್ದನ್ನು ಅಳಿಸಬೇಡಿ, ಕಾಗುಣಿತ ತಿದ್ದಬೇಡಿ, ಕೋಷ್ಟಕಕ್ಕೆ ಬಣ್ಣ ಬಳಿಯಬೇಡಿ. ಅಂಕಿ ಕೈಯಲ್ಲಿಲ್ಲದ ಕಡೆ ‘ಇಲ್ಲಿ ಅಂಕಿ’ ಎಂದು ಬರೆದು ಮುಂದೆ ಹೋಗಿ. ಹೆಚ್ಚಿನವರು ಎಡವುವುದು ಇಲ್ಲೇ: ಒಂದು ಅಂಕಿ ಹುಡುಕಲು ಇಮೇಲ್ ತೆರೆಯುತ್ತಾರೆ, ಅಲ್ಲಿ ಆರು ಹೊಸ ಪತ್ರ ಕಾದಿರುತ್ತವೆ, ಉಳಿದ ಹೊತ್ತೆಲ್ಲ ಅಲ್ಲೇ ಕರಗುತ್ತದೆ. ಬಿಡುವಿನಲ್ಲಿ ಎದ್ದು ನೀರು ಕುಡಿಯಿರಿ. ರೀಲ್ಸ್ ನೋಡಲು ಕೂತರೆ ಆ 5 ನಿಮಿಷ 40 ಆಗುತ್ತದೆ.

ದಿನದ ಕೊನೆಗೆ ವಾಕ್ಯವೊಂದನ್ನು ಅರ್ಧಕ್ಕೇ ಬಿಟ್ಟೇಳಿ. ಮರುದಿನ ಖಾಲಿ ಪುಟದ ಎದುರು ಕೂರುವ ಸಂಕಟವಿಲ್ಲ. ‘ನಾಳೆ ಮಾಡುತ್ತೇನೆ’ ಎನ್ನಬೇಡಿ, ಅದು ಗೋಡೆಯ ಮೇಲಿನ ‘ನಾಳೆ ಬಾ’ ಇದ್ದ ಹಾಗೆ. ‘ಬೆಳಗಿನ ಕಾಫಿ ಲೋಟ ಕೆಳಗಿಟ್ಟ ಕೂಡಲೇ ಎರಡನೇ ಭಾಗ’ ಎಂದು ಗೊತ್ತುಮಾಡಿಕೊಳ್ಳಿ.

ಎಷ್ಟು ಹೊತ್ತು ಬೇಕೆಂಬ ನಮ್ಮ ಅಂದಾಜು ಸಾಮಾನ್ಯವಾಗಿ ಕಡಿಮೆಯೇ ಇರುತ್ತದೆ. ಕೆನಡಾದಲ್ಲಿ ರೋಜರ್ ಬ್ಯೂಲರ್ ಮತ್ತು ಸಂಗಡಿಗರು 1994ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವಿದ್ಯಾರ್ಥಿಗಳು ಪದವಿಯ ಪ್ರಬಂಧ (ಥೀಸಿಸ್) ಮುಗಿಸಲು ಸರಾಸರಿ 34 ದಿನ ಸಾಕೆಂದಿದ್ದರು. ಹಿಡಿದದ್ದು ಸುಮಾರು 55 ದಿನ. ಹೋದ ಸಲದ ವರದಿಗೆ ನಿಜಕ್ಕೂ ಎಷ್ಟು ಗಂಟೆ ಹೋಯಿತೆಂದು ನೋಡಿ, ಅಷ್ಟನ್ನೇ ಈ ಸಲವೂ ಎತ್ತಿಡಿ.

ಬುಧವಾರ ಅರೆಬೆಂದ ಕರಡನ್ನು ಒಬ್ಬ ಸಹೋದ್ಯೋಗಿಗೆ ತೋರಿಸಿ. ಅಚ್ಚುಕಟ್ಟಿನ ಗೀಳಿರುವವರಿಗೆ ಇದರಷ್ಟು ಕಷ್ಟದ ಹೆಜ್ಜೆ ಇನ್ನೊಂದಿಲ್ಲ, ಇದರಷ್ಟು ಲಾಭದ್ದೂ ಇಲ್ಲ: ದಾರಿ ತಪ್ಪಿದ್ದರೆ ತಿರುಗಲು ಇನ್ನೂ ಎರಡು ದಿನ ಇರುತ್ತದೆ. ‘ಹೇಗಿದೆ?’ ಎಂದರೆ ‘ಚೆನ್ನಾಗಿದೆ’ ಎನ್ನುತ್ತಾರೆ, ಅಷ್ಟೇ. ‘ಎರಡನೇ ಪುಟದ ಕಾರಣ ನಂಬುವಂತಿದೆಯೇ?’ ಎಂದು ಕೇಳಿ.

ತಿದ್ದುವುದು ಎರಡೇ ಸುತ್ತು. ಮೊದಲ ಸುತ್ತು ಅಂಕಿ, ಹೆಸರು, ತಾರೀಖಿಗೆ ಮಾತ್ರ. ಮುದ್ರಿಸಿಕೊಂಡು ಸಾಲಿನ ಮೇಲೆ ಬೆರಳಿಟ್ಟು ನೋಡಿ. ಇಲ್ಲಿ ಎಷ್ಟು ಕಟ್ಟುನಿಟ್ಟಾದರೂ ಸರಿಯೇ, ಲಕ್ಷ ಇರಬೇಕಾದಲ್ಲಿ ಕೋಟಿ ಬಂದರೆ ಇಡೀ ವರದಿಯ ಮೇಲೆ ನಂಬಿಕೆ ಹೋಗುತ್ತದೆ. ಎರಡನೆಯದು ಭಾಷೆಗೆ, ಅದಕ್ಕೆ 25 ನಿಮಿಷ. ಮೂರನೇ ಸುತ್ತಿಗೆ ಕೈ ಹೋಗಿ, ಆಗ ಬದಲಿಸಿದ ಪದವನ್ನೇ ಮತ್ತೆ ಮೊದಲಿನಂತೆ ಮಾಡುತ್ತಿರುವುದು ಕಂಡರೆ, ಕೈ ತೆಗೆದು ವರದಿ ಕಳಿಸಿಬಿಡಿ.