ಟ್ರೈಕೋಡರ್ಮಾ ಪುಡಿ ಸೀದಾ ಬುಡಕ್ಕೆ ಹಾಕ್ಬೇಡಿ, ಗೊಬ್ಬರದಲ್ಲಿ ಬೆಳೆಸಿ ಹಾಕಿ

ಕಾಳುಮೆಣಸು, ಶುಂಠಿ ಇರೋರು ಬುಡ ಕೊಳೆಯೋ ರೋಗ ತಡೆಯೋಕೆ ಮಳೆ ಹಿಡಿಯೋಕೆ ಮುಂಚೆ ಇದೊಂದು ಮಾಡ್ಕೊಳ್ಳಿ. ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ 90 ಕೆಜಿ, ಬೇವಿನ ಹಿಂಡಿ 10 ಕೆಜಿ, ಅದಕ್ಕೆ ಟ್ರೈಕೋಡರ್ಮಾ (ಕೊಳೆ ರೋಗ ತಡೆಯೋ ಒಳ್ಳೇ ಶಿಲೀಂಧ್ರದ ಪುಡಿ) ಒಂದರಿಂದ ಎರಡು ಕೆಜಿ ಕಲಸಿ, ನೀರು ಚಿಮುಕಿಸಿ ನೆರಳಲ್ಲಿ ಗುಡ್ಡೆ ಮಾಡಿ ಒದ್ದೆ ಗೋಣಿಚೀಲ ಮುಚ್ಚಿಡಿ, ಮಧ್ಯೆ ಒಂದೆರಡು ಸಲ ಮಗುಚಿ ಹಾಕಿದ್ರೆ 15 ದಿನದಲ್ಲಿ ಮೇಲೆಲ್ಲಾ ಬಿಳಿ ಬೂಸ್ಟು ಬಂದು ಆಮೇಲೆ ಹಸಿರಾಗುತ್ತೆ, ಆಗ ತಗೊಂಡು ಹೋಗಿ ಬುಡಕ್ಕೆ ಹಾಕಿ ದರಗು (ಒಣಗಿದ ಎಲೆ) ಮುಚ್ಚಿ. ಇದೂ ಒಂದು ಜಾತಿ ಶಿಲೀಂಧ್ರನೇ, ಗೊಬ್ಬರದಲ್ಲಿ ತಿಂದು ಹೆಚ್ಚಾಗುತ್ತೆ, ಬೇರಿನ ಸುತ್ತ ಮೊದಲೇ ಜಾಗ ಹಿಡ್ಕೊಂಡು ಕೊಳೆ ತರೋ ಶಿಲೀಂಧ್ರದ ಎಳೆಗೇ ಸುತ್ಕೊಂಡು ಅದನ್ನ ತಿನ್ನುತ್ತೆ. ಹಸಿ ಸಗಣಿಗೆ ಕಲಸಬೇಡಿ, ಕಾವಿಗೆ ಸತ್ತೋಗುತ್ತೆ. ನಮ್ಮ ಕಡೆ ಮುಖ್ಯ ತೊಂದ್ರೆ ಅಂದ್ರೆ ಬೋರ್ಡೋ (ಮೈಲುತುತ್ತ, ಸುಣ್ಣ ಕಲಸಿದ ಔಷಧಿ): ಅದರಲ್ಲಿರೋ ಮೈಲುತುತ್ತ ಟ್ರೈಕೋಡರ್ಮಾನೂ ಕೊಲ್ಲುತ್ತೆ, ಮೆಣಸಿನ ಬಳ್ಳಿ ಅಡಿಕೆ ಮರಕ್ಕೇ ಹಬ್ಬಿಸಿರೋದ್ರಿಂದ ಅಡಿಕೆ ಗೊನೆಗೆ ಹೊಡೆದಿದ್ದು ಮರದ ಮೇಲಿಂದ ಇಳಿದು ಮೆಣಸಿನ ಬುಡಕ್ಕೇ ಬರುತ್ತಲ್ಲ, ಹಾಗಾಗಿ ಎರಡಕ್ಕೂ ಮಧ್ಯೆ ಕನಿಷ್ಠ 15-20 ದಿನ ಬಿಡಿ. ಆಗಲೇ ಎಲೆ ಜೋತುಬಿದ್ದು ಸೊರಗಿದ ಬಳ್ಳಿ ಇದ್ರಿಂದ ಏಳಲ್ಲ, ಅದನ್ನ ಬೇರು ಸಮೇತ ಕಿತ್ತು ಸುಟ್ಟು ಪಕ್ಕದ ಬಳ್ಳಿಗಳನ್ನ ಉಳಿಸ್ಕೊಳ್ಳಿ. ಶುಂಠಿಯಲ್ಲಿ ಗಿಡ ಹಸಿರಿದ್ದಂಗೇ ಬಾಡಿ ಗಡ್ಡೆ ಹಿಂಡಿದ್ರೆ ಹಾಲಿನಂಥ ರಸ ಬಂದ್ರೆ ಅದು ಬ್ಯಾಕ್ಟೀರಿಯಾ ಸೊರಗು, ಅದಕ್ಕೆ ಇದನ್ನ ನಂಬ್ಕೋಬೇಡಿ. ನೀರು ನಿಲ್ಲೋ ಜಾಗಕ್ಕೂ ಮೊದಲು ಬಸಿಗಾಲುವೆ ತೆಗೀರಿ, ಇದು ಆಮೇಲೆ. ಪ್ಯಾಕೆಟ್ ತಗೊಳ್ಳುವಾಗ ತಯಾರಾದ ತಾರೀಕು ನೋಡಿ, ಹಳೇದಾದ್ರೆ ಒಳಗೆ ಜೀವನೇ ಇರಲ್ಲ.